ಬಿಚ್ಚದ ಕಟ್ಟು

ಮೊಮ್ಮಗಳ ಪಾಠ ಅರ್ಧಕ್ಕೇ ಕೆಟ್ಟಿತು. ಕೆಟ್ಟಮೇಲೆ ಅವಳು ಕಲಿಸಿದಳು. ನಡೆದದ್ದು ಇಷ್ಟೇ, ಉಳಿದದ್ದೆಲ್ಲ ನೆಂಟರು ಫೋನಿನಲ್ಲಿ ಸೇರಿಸಿದ್ದು.

ಅವಳು ಇಲ್ಲೇ ಪುಣೆಯಲ್ಲಿ ಡಿ.ಎಡ್. ಓದುತ್ತಾಳೆ, ಸಣ್ಣ ಮಕ್ಕಳ ಟೀಚರ್ ಆಗಲು. ಹಾಡು, ಕತೆ, ಚಿತ್ರ ಎಲ್ಲ ಸಲೀಸು. ಗಣಿತವೆಂದರೆ ಮುಖ ಸಣ್ಣದಾಗುತ್ತಿತ್ತು. ಯೆರವಡಾದಲ್ಲಿ ನಮ್ಮ ಮನೆಯ ಹತ್ತಿರದ ಶಾಲೆಯಲ್ಲಿ ಮೂರನೆಯ ವರ್ಗಕ್ಕೆ ಅವಳು ಕಳೆಯುವ ಲೆಕ್ಕ ಕಲಿಸಬೇಕು, ಕಾಲೇಜಿನ ಮೇಡಂ ಹಿಂದೆ ಕುಳಿತು ನೋಡುತ್ತಾರೆ. ಅದರಲ್ಲಿ ಫೇಲಾದರೆ ಒಂದು ವರ್ಷ ಹೋದಂತೆಯೇ.

ಪಾಠಕ್ಕೆ ಒಯ್ಯುವ ಸಾಮಾನಿಗೂ ಮಾರ್ಕ್ಸ್ ಇದೆಯಂತೆ. ಅದಕ್ಕೆ ಕ್ಯಾಂಪಿನ ಪೇಟೆಗೆ ಹೋಗಿ ಐಸ್‌ಕ್ರೀಮ್ ಕಡ್ಡಿ, ಜರಿ ಪಟ್ಟಿ ತಂದಳು. ಹತ್ತತ್ತು ಕಡ್ಡಿ ಸೇರಿಸಿ, ಅಂಟು ಹಚ್ಚಿ, ಮೇಲೆ ಜರಿ ಸುತ್ತಿ ಕಟ್ಟು ಮಾಡಿದಳು.

“ಗೌರಿ ಮುಂದ ಇಡೋಹಂಗ ಆಗ್ಯಾವ,” ಅಂದೆ.

“ಹೌದಲ್ಲಾ ಅಜ್ಜಿ? ಕೆಳಗ ಬಿದ್ರೂ ಬಿಚ್ಚಂಗಿಲ್ಲ.”

ಇಬ್ಬರಿಗೂ ಖುಷಿಯೇ ಖುಷಿ.

ಅವಳ ಎರಡೂ ಕೈಯಲ್ಲಿ ಚಾರ್ಟು. ಕಟ್ಟುಗಳ ಡಬ್ಬಿ ಹಿಡಿದುಕೊಂಡು ನಾನೂ ಹೋದೆ. ಮೇಡಂ ನನಗೆ ಹಿಂದಿನ ಬೆಂಚು ತೋರಿಸಿದರು. ಅಲ್ಲಿ ಮಾತೆಲ್ಲ ಮರಾಠಿಯಲ್ಲೇ ಆಯಿತು. ನಾನು ಮನೆಯ ಮಾತಿನಲ್ಲಿ ಬರೆಯುತ್ತಿದ್ದೇನೆ.

ನಲವತ್ತೆರಡರಲ್ಲಿ ಹದಿನೇಳು ಕಳೆಯಬೇಕು. ಮೊಮ್ಮಗಳು ಮೇಜಿನ ಮೇಲೆ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟಳು. ಹಲಗೆಯ ಮೇಲೆ ನಾಲ್ಕನ್ನು ಹೊಡೆದು ಮೂರು ಬರೆದಳು, ಎರಡನ್ನು ಹನ್ನೆರಡು ಮಾಡಿದಳು, ಗಡಗಡ ಹೇಳಿ ಮುಗಿಸಿದಳು. ಆಮೇಲೆ ಎರಡು ಜಡೆಯ ಹುಡುಗಿಯೊಂದನ್ನು ಮುಂದೆ ಕರೆದಳು.

“ಇದರಾಗ ನನಗ ಹದಿನೇಳು ಕೊಡು.”

ಹುಡುಗಿ ಒಂದು ಕಟ್ಟು ಕೊಟ್ಟಿತು. ಇನ್ನೂ ಏಳು ಬೇಕು, ಬಿಡಿ ಇದ್ದದ್ದು ಎರಡೇ. ಅದು ಇನ್ನೊಂದು ಕಟ್ಟು ಎತ್ತಿಕೊಂಡು ಎಳೆಯಿತು, ತಿರುವಿತು, ಹಲ್ಲು ಹಚ್ಚಿತು.

“ಟೀಚರ್, ಇದು ಬಿಚ್ಚವಲ್ದು.”

“ಅಂಟಿಸ್ಯಾರಲೇ ಅದನ್ನ!” ಹಿಂದಿನಿಂದ ಒಬ್ಬ ಕೂಗಿದ. ವರ್ಗವೆಲ್ಲ ನಕ್ಕಿತು. ಮೇಡಂ ಏನೋ ಬರೆದುಕೊಂಡರು.

ಮೊಮ್ಮಗಳು ನನ್ನ ಕಡೆ ನೋಡಿದಳು. ನಾನೇನು ಹೇಳಲಿ? ನಾನೇ ಮೂರನೆಯ ವರ್ಗಕ್ಕೆ ಶಾಲೆ ಬಿಟ್ಟವಳು. ಉತ್ತರ ತೋರಿಸಿ ಹಲಗೆ ಒರೆಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಕಟ್ಟನ್ನು ಮೇಜಿನ ಅಂಚಿಗೆ ಒತ್ತಿ ಸೀಳಿಯೇಬಿಟ್ಟಳು. ಜರಿ ಹರಿಯಿತು. ಒಂದು ಕಡ್ಡಿ ಮುರಿದು ಎರಡು ತುಂಡಾಯಿತು.

“ಹನ್ನೊಂದಾತು!”

“ಹುಚ್ಚಾ, ಮುರದ್ರೂ ಅದು ಒಂದೇ ಕಡ್ಡಿ!”

ಜಗಳ ಹತ್ತಿತು. ಮೊಮ್ಮಗಳು ಬಾಯಿ ಹಾಕದೆ ಕಾದಳು. ಕೊನೆಗೆ ಹನ್ನೊಂದೆಂದು ಕೂಗಿದವನೇ ಬಂದು ಎರಡು ತುಂಡನ್ನೂ ಜೋಡಿಸಿ ಹಿಡಿದು ನಿಂತ. ಹುಡುಗಿ ಬಿಡಿ ಕಡ್ಡಿಗಳಲ್ಲಿ ಏಳು ಎಣಿಸಿ ಕೊಟ್ಟಿತು. ಮೇಜಿನ ಮೇಲೆ ಎರಡು ಕಟ್ಟು, ಐದು ಕಡ್ಡಿ ಉಳಿದವು.

“ಹಂಗಾರ ಹಲಗಿ ಮ್ಯಾಲೆ ನಾಕು ಯಾಕ ಮೂರಾತು?” ಎಂದು ಮೊಮ್ಮಗಳು ಕೇಳಿದಳು.

“ನೀವೇ ಒಂದು ಕಟ್ಟು ಹರದ್ರಲ್ಲ, ಟೀಚರ್!” ಎಂದಿತು ಇಡೀ ವರ್ಗ.

ಅವಳು ಹಲಗೆಯ ಕಡೆ ತಿರುಗಿ, ತಾನು ಬರೆದದ್ದನ್ನೇ ಹೊಸದಾಗಿ ನೋಡಿದಳು. ನನಗೆ ಸೊಕ್ಕು ಬಂತು. ಬರಲಿ, ಯಾರ ಅಪ್ಪನ ಗಂಟು?

ಮೇಡಂ ಸಾಮಾನಿಗೆ ಒಂದು ಮಾರ್ಕ್ಸೂ ಕೊಡಲಿಲ್ಲ. “ಪಾಠ ಪಾಸು,” ಎಂದರು. “ನಾಳೆ ಪಕ್ಕದ ವರ್ಗಕ್ಕೂ ಇದನ್ನೇ ಕಲಿಸು. ಬಿಚ್ಚೋ ಅಂಥ ಕಟ್ಟು ತಗೊಂಡು ಬಾ.”

ದಾರಿಯಲ್ಲಿ ಮೊಮ್ಮಗಳು, “ಅಜ್ಜಿ, ನಾಕು ಹೊಡದು ಮೂರು ಬರಿಯೋದು ಸಣ್ಣಾಕಿದ್ದಾಗಿಂದ ಮಾಡೀನಿ. ಯಾಕಂತ ಇವತ್ತೇ ತಿಳೀತು,” ಅಂದಳು.

“ಟೀಚರ್ ಆಗಾಕಿ ನೀ. ಇದನ್ನ ಹೊರಗ ಹೇಳಬ್ಯಾಡ.”

“ನಾಳೆ ವರ್ಗದಾಗೇ ಹೇಳತೀನಿ.”

ಹೇಳುವವಳೇ ಅವಳು. ನಾನೂ ಸುಮ್ಮನಿರಲಿಲ್ಲ, ಓಣಿಯಲ್ಲಿ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಮರುದಿನ ಬೆಳಿಗ್ಗೆ ಎದ್ದವಳೇ ಹೊಸ ಕಡ್ಡಿ ಕಸಬರಿಗೆಯನ್ನು ಬಿಚ್ಚಿದೆ. ಕಡ್ಡಿಗಳನ್ನು ಒಂದೇ ಅಳತೆಗೆ ಮುರಿದು, ಹತ್ತತ್ತು ಎಣಿಸಿ, ಬರೀ ದಾರದಿಂದ ಸರಗಂಟು ಹಾಕಿದೆ. ಒಂದರ ತುದಿ ಎಳೆದು ನೋಡಿದೆ. ಬಿಚ್ಚಿತು. ಮತ್ತೆ ಕಟ್ಟಿ ಡಬ್ಬಿಯಲ್ಲಿಟ್ಟೆ.