ಯಕಶ್ಚಿತ್ ಮೇಷ್ಟ್ರು

ನಮ್ಮ ಕನ್ನಡ ಮೇಷ್ಟ್ರಿಗೆ ಮೇಲಿನ ಮುಂದಿನ ಎರಡು ಹಲ್ಲಿರಲಿಲ್ಲ. ಅವರಿಗೆ ಅತಿ ಪ್ರಿಯವಾದ ಪದವೋ 'ಯಕಶ್ಚಿತ್'. ಅದರ 'ಶ್ಚಿ' ಹಲ್ಲಿನ ಸಂದಿಯಿಂದ ಸೀಟಿಯಾಗಿ ಹೊರಟು ಜೊತೆಗೆ ತುಂತುರನ್ನೂ ತರುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯರು ನಾವು ಪಠ್ಯಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆವು. ಓದಿನಲ್ಲಿ ಶ್ರದ್ಧೆಯೆಂದು ಅವರು ಸಂತೋಷಪಡುತ್ತಿದ್ದರು.

ಅದು ಎಪ್ಪತ್ತರ ದಶಕ. ಶೆಟ್ಟಿಕೆರೆಯಿಂದ ನಾನು ಬಸ್ಸಿನಲ್ಲಿ ಹೋಗುತ್ತಿದ್ದ ಹೈಸ್ಕೂಲಿನ ಹೆಂಚು ಸೋರುತ್ತಿತ್ತು. ಕರಿಹಲಗೆಯ ಮೇಲೆ ನೀರಿಳಿದು ಅರ್ಧ ಪದ್ಯ ಅಳಿಸಿಹೋದರೂ, "ಯಕಶ್ಚಿತ್ ಮಳೆ ಕಣ್ರಮ್ಮ, ಉಳಿದಿದ್ದು ಬರ್ಕೊಳಿ" ಎನ್ನುತ್ತಿದ್ದರು.

ಒಂದು ದಿನ ಆ ಪದದ ಅರ್ಥ ಕೇಳಿದೆ.

"ಸಂಸ್ಕೃತದ ಯಃ ಕಶ್ಚಿತ್ ಕಣಮ್ಮ. ಯಾರೋ ಒಬ್ಬ ಅಂತ. ಯಾರೋ ಒಬ್ಬನ್ನ ಯಾರು ಲೆಕ್ಕಕ್ಕಿಡ್ತಾರೆ? ಕನ್ನಡಕ್ಕೆ ಬರೋ ಹೊತ್ಗೆ ಕ್ಷುಲ್ಲಕ ಅಂತಾಯ್ತು. ಹಳೇ ಕವಿಗಳನ್ನ ನೋಡು, ನಾನು ಅಲ್ಪ, ನಂಗೇನೂ ತಿಳೀದು ಅಂತ ಶುರುಮಾಡಿ ಸಾವಿರ ಪದ್ಯ ಬರೀತಾರೆ. ತನಗೆ ಹೇಳ್ಕೊಂಡ್ರೆ ವಿನಯ, ಬ್ಯಾರೆಯೋರಿಗೆ ಹೇಳಿದ್ರೆ ಜಗಳ."

ಆ ಜಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಇನ್ನೇನು ಹೊತ್ತಿಕೊಳ್ಳುವುದರಲ್ಲಿತ್ತು. ಹೊಸ ಹೆಂಚಿನ ಆಸೆಯಿಂದ ತಿಪಟೂರಿನ ಕೊಬ್ಬರಿ ಮಂಡಿ ಸಾಹುಕಾರರೊಬ್ಬರನ್ನು ಕರೆಸಿದ್ದರು. ಮೇಷ್ಟ್ರು ಸ್ವಾಗತಭಾಷಣದಲ್ಲಿ, "ಈ ಯಕಶ್ಚಿತ್ ಉಪಾಧ್ಯಾಯನ ನಮಸ್ಕಾರ" ಎಂದರು. ಸಾಹುಕಾರರಿಗೆ ಆ ಪದದ ಗತ್ತು ಹಿಡಿಸಿತು. ಅದೇನೋ ಬಿರುದೆಂದುಕೊಂಡರು. ತಮ್ಮ ಸರದಿ ಬಂದಾಗ ಎದ್ದು ನಿಂತು, "ಯಕಶ್ಚಿತ್ ಹೆಡ್‌ಮಾಸ್ಟರೇ, ಯಕಶ್ಚಿತ್ ಊರಿನ ಹಿರೀಕರೇ" ಎಂದು ಶುರುಮಾಡಿದರು.

ಮಕ್ಕಳ ಸಾಲಿನಿಂದ ನಗು ಎದ್ದಿತು. ಹೆಡ್‌ಮಾಸ್ಟರ ಮುಖ ಕಪ್ಪಿಟ್ಟಿತು. ಸಾಹುಕಾರರು ಮಾತು ನಿಲ್ಲಿಸಿ ಮೇಷ್ಟ್ರ ಕಡೆ ತಿರುಗಿದರು.

"ಯಾಕ್ರೀ ನಗ್ತಾವೆ ಹುಡುಗ್ರು? ಅದ್ಕೇನರ್ಥ?"

ಹೆಂಚು ಕೈತಪ್ಪಿತೆಂದೇ ನಾವೆಲ್ಲ ತಿಳಿದೆವು. ಮೇಷ್ಟ್ರು ಎದ್ದು ಶಲ್ಯ ಸರಿಮಾಡಿಕೊಂಡು, "ಯಾರಾದ್ರೂ ಸರಿ ಅಂತ ಮೂಲಾರ್ಥ ಸ್ವಾಮಿ" ಎಂದು, ಮೂಲಾರ್ಥದಿಂದ ಮುಂದಕ್ಕೆ ಹೋಗದೆ ಕುಳಿತುಬಿಟ್ಟರು.

ಸಾಹುಕಾರರು ತಲೆದೂಗಿದರು. "ಒಳ್ಳೆ ಮಾತು ಕಣ್ರೀ. ಯಾರ ಮಕ್ಳಾದ್ರೂ ಸರಿ, ಮಳೇಲಿ ನೆನೀಬಾರ್ದು. ಹೆಂಚು ನಂದು."

ಹೆಂಚು ಬಂತು. ಅದರ ಕೆಳಗೆ ಬೆಚ್ಚಗೆ ಕುಳಿತೂ ಹೆಡ್‌ಮಾಸ್ಟರು ಬಹಳ ಕಾಲ ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದರು.

ನಾನು ಮುಂದೆ ಕನ್ನಡವನ್ನೇ ಓದಿದೆ. ಸರ್ಕಾರಿ ಕಾಲೇಜಿನಲ್ಲಿ ಕೆಲಸ ಸಿಕ್ಕಾಗ, ನಿವೃತ್ತರಾಗಿ ನೊಣವಿನಕೆರೆಯಲ್ಲಿದ್ದ ಮೇಷ್ಟ್ರಿಗೆ ನೇಮಕದ ಆದೇಶ ತೋರಿಸಲು ಹೋದೆ. ಅವರು ಹಾಸಿಗೆ ಹಿಡಿದಿದ್ದರು. ದಿಂಬಿಗೊರಗಿ, ಕಾಗದವನ್ನು ಮೂಗಿಗೆ ತಾಗುವಂತೆ ಹಿಡಿದು, ಮೇಲಿನಿಂದ ಕೊನೆಯವರೆಗೆ ಓದಿದರು. ಹೊಗಳಿಕೆಗೆ ಕಾದು ನಿಂತಿದ್ದೆ.

"ಅಧ್ಯಾಪಕಿಗೆ ಹೊಟ್ಟೆ ಸೀಳೋದು ಮರ್ತವ್ರೆ ಕಣಮ್ಮ. ಪೆನ್ನು ಕೊಡು."

'ಅದ್ಯಾಪಕಿ' ಎಂದಿದ್ದ ಕಡೆ 'ದ'ಕಾರದ ಹೊಟ್ಟೆ ಸೀಳಿ, ಕಾಗದ ಮಡಿಸಿ ನನ್ನ ಕೈಗಿಟ್ಟರು. "ಈಗ ಹೋಗು. ಧೈರ್ಯವಾಗಿ ಪಾಠ ಮಾಡು."

ಕಾಲೇಜಿನ ಗುಮಾಸ್ತರು, ಸರ್ಕಾರದ ಕಾಗದ ತಿದ್ದಿದವರು ಯಾರೆಂದು ಹುಬ್ಬೇರಿಸಿ ಕೇಳುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ನಮ್ಮ ಮೇಷ್ಟ್ರು ಎಂದೆ.