ಗಾಳಿಗೆ ಅಡ್ಡವಾಗಿದ್ದವನು

ಆ ಕಾಲದಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಿಬರುವವನು ನಾನೊಬ್ಬನೇ ಆಗಿರಲಿಲ್ಲ. ರೈಲು ಇತ್ತು, ಆದರೆ ಅದರ ಹೊತ್ತಿಗೂ ಕಾರ್ಖಾನೆಯ ಸೈರನ್ನಿಗೂ ಕೂಡಿಬರುತ್ತಿರಲಿಲ್ಲ. ಬಸ್ಸು ಇತ್ತು, ಅದು ಸ್ಟ್ಯಾಂಡಿನಲ್ಲೇ ತುಂಬಿಕೊಂಡು, ಸೇತುವೆಯ ಹತ್ತಿರ ಕೈ ತೋರಿಸಿದವರ ಮುಖಕ್ಕೆ ಧೂಳು ಎರಚಿ ಹೋಗುತ್ತಿತ್ತು. ಹಾಗಾಗಿ ಸೈಕಲ್ಲು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸ್ಟೋರ್ಸಿನಲ್ಲಿ ನನಗೆ ಗುಮಾಸ್ತೆ ಕೆಲಸ. ಮನೆ ಕೋಟೆಯಲ್ಲಿ, ದೇವಸ್ಥಾನದ ಹಿಂದಿನ ಓಣಿಯಲ್ಲಿ, ಬಾಡಿಗೆಗೆ.

ಬೆಳಿಗ್ಗೆ ಹೊರಡುವುದಕ್ಕೆ ಮೊದಲು ಸೈಕಲ್ಲನ್ನು ಹಳೇ ಬನಿಯನ್ನಿನಿಂದ ಒರೆಸುವುದು, ಟೈರು ಹಿಚುಕಿ ನೋಡುವುದು, ಪ್ಯಾಂಟಿನ ಬಲಗಾಲಿಗೆ ಕ್ಲಿಪ್ಪು ಹಾಕಿಕೊಳ್ಳುವುದು, ಇಷ್ಟು ನನ್ನ ಪೂಜೆ. ಅಷ್ಟರಲ್ಲಿ ನನ್ನ ಹೆಂಡತಿ ಊಟದ ಡಬ್ಬಿಯನ್ನು ಬಟ್ಟೆಯಲ್ಲಿ ಬಿಗಿದು ಕ್ಯಾರಿಯರ್‌ಗೆ ಸಿಕ್ಕಿಸಿರುತ್ತಿದ್ದಳು. ಸಾರು ಚೆಲ್ಲುತ್ತದೆಂದು ಸಾರನ್ನು ಅನ್ನಕ್ಕೆ ಮೊದಲೇ ಕಲಸಿಬಿಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅದು ಮುದ್ದೆಯಾಗಿ ಕೂತಿರುತ್ತಿತ್ತು, ರುಚಿಯೂ ಒಂದು ಥರ ಚೆನ್ನಾಗಿರುತ್ತಿತ್ತು.

ಕಷ್ಟವಿದ್ದದ್ದು ಊರು ದಾಟುವುದರಲ್ಲಿ. ಹಾಲಿನ ಕ್ಯಾನು ಎರಡೂ ಕಡೆ ತೂಗುಹಾಕಿಕೊಂಡ ಸೈಕಲ್ಲುಗಳು, ನಡುಬೀದಿಯಲ್ಲಿ ಬಾಡಿಗೆ ಚೌಕಾಸಿಗೆ ನಿಂತ ಜಟಕಾಗಳು, ಮಂಡಿಯ ಕಡೆ ಅಡಿಕೆ ಮೂಟೆ ಹೊತ್ತು ಸಾಲಾಗಿ ಹೋಗುವ ಎತ್ತಿನ ಗಾಡಿಗಳು. ತುಂಗೆಯ ಸೇತುವೆಯ ಮೇಲೆ ಒಂದು ಗಾಡಿಯ ಹಿಂದೆ ಸಿಕ್ಕಿಕೊಂಡರೆ ಆ ದಂಡೆ ಮುಟ್ಟುವ ತನಕ ಎತ್ತಿನ ಹೆಜ್ಜೆಯೇ ನಮ್ಮ ಹೆಜ್ಜೆ. ಬೆಲ್ಲು ಹೊಡೆದರೆ ಗಾಡಿಯವನು ತಿರುಗಿಯೂ ನೋಡದೆ, "ಹಾರ್ಕೊಂಡು ಹೋಗಿ ಸ್ವಾಮಿ, ಹೊಳೆ ಕೆಳಗೇ ಐತೆ" ಅನ್ನುತ್ತಿದ್ದ.

ಸೇತುವೆಯ ಆ ತುದಿಯಲ್ಲಿ ನನ್ನ ಜೊತೆಗಾರ ಒಂದು ಕಾಲು ನೆಲಕ್ಕೂರಿ ಕಾಯುತ್ತಿದ್ದ. ಅವನೂ ನಮ್ಮ ಕಾರ್ಖಾನೆಯವನೇ, ಎರಕದ ವಿಭಾಗದ ಆಫೀಸಿನಲ್ಲಿದ್ದ. ಮನೆ ಹೊಳೆಯಾಚೆ. ನನಗಿಂತ ಎತ್ತರದ ಆಳು, ಅಗಲ ಭುಜ. ಕೆಲಸಕ್ಕೆ ಸೇರಿದ ವರ್ಷದಿಂದ ನಾವಿಬ್ಬರೂ ಜೊತೆಗೇ ತುಳಿದವರು. ಹಬ್ಬಕ್ಕೆ ನಮ್ಮ ಮನೆಗೆ ಬಂದು ನನ್ನ ಹೆಂಡತಿ ಬಡಿಸಿದ ಹೋಳಿಗೆಯನ್ನು "ಇನ್ನೊಂದು, ಇನ್ನೊಂದು" ಎಂದು ಕೇಳಿ ಹಾಕಿಸಿಕೊಂಡವನು.

ಆ ದಾರಿಯಲ್ಲಿ ದಿನಾ ತುಳಿಯುವವರಿಗೆಲ್ಲ ಗಾಳಿಯ ವಿಷಯದಲ್ಲಿ ಒಂದು ಕಟ್ಟುಪಾಡಿತ್ತು. ಮಳೆಗಾಲದಲ್ಲಿ ಪಡುವಣ ಗಾಳಿ, ಸಂಜೆ ಮನೆಗೆ ಬರುವಾಗ ಎದುರಾಗುತ್ತದೆ. ದೀಪಾವಳಿ ಕಳೆದ ಮೇಲೆ ಮೂಡಣ ಗಾಳಿ, ಅದು ಬೆಳಿಗ್ಗೆ ಹೋಗುವಾಗ. ಗಾಳಿ ಎದುರಿದ್ದಾಗ ಒಬ್ಬ ಮುಂದೆ ಹೋಗಿ ಅದನ್ನು ಎದೆಯ ಮೇಲೆ ತೆಗೆದುಕೊಳ್ಳಬೇಕು, ಇನ್ನೊಬ್ಬ ಅವನ ಬೆನ್ನಿಗೆ ಅಂಟಿದ ಹಾಗೆ ಬರಬೇಕು. ಹಿಂದಿದ್ದವನಿಗೆ ಅರ್ಧ ಶ್ರಮ ಸಾಕು. ಮುಂದಿದ್ದವನು ಸೋತೆ ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹಿಂದಿದ್ದವನೇ ಅರಿತುಕೊಂಡು ಒಮ್ಮೆ ಬೆಲ್ಲು ಹೊಡೆಯಬೇಕು. ಬೆಲ್ಲು ಕೇಳಿದ ಕೂಡಲೇ ಮುಂದಿನವನು ಎಡಕ್ಕೆ ಸರಿಯಬೇಕು, ಹಿಂದಿನವನು ದಾಟಿ ಮುಂದಾಗಬೇಕು. ಇದರಲ್ಲಿ ಮಾತೇ ಇಲ್ಲ. ಒಬ್ಬನ ಉಸಿರು ಇನ್ನೊಬ್ಬನಿಗೆ ಗೊತ್ತಿರಬೇಕು, ಅಷ್ಟೆ. ಅವನ ಉಸಿರು ನನಗೆ, ನನ್ನದು ಅವನಿಗೆ ಗೊತ್ತಿತ್ತು.

ಆಮೇಲೆ ನನ್ನ ಮೊಣಕಾಲು ಕೈಕೊಟ್ಟಿತು. ಮೊದಲು ಅರ್ಧ ದಾರಿಯ ಊರಾದ ನಿದಿಗೆಯ ಹತ್ತಿರದ ಏರಿನಲ್ಲಿ ಕಟಕಟ ಎನ್ನುತ್ತಿತ್ತು, ಬರಬರುತ್ತಾ ಮನೆಯ ಮೆಟ್ಟಿಲಿನಲ್ಲೂ ನೋವು. ಕೋಟೆಯ ಸೈಕಲ್ ಶಾಪಿನ ಸಾಹೇಬರು ಸೀಟನ್ನು ಒಂದಿಷ್ಟು ಎತ್ತಿ ಕೊಟ್ಟರು. "ಈಗ ಕಾಲು ಪೂರಾ ಚಾಚುತ್ತೆ, ಹಗೂರ ಆಗುತ್ತೆ ನೋಡಿ. ಆದ್ರೆ ಒಂದ್ ಮಾತು, ಸೈಕಲ್ಲಿಗೆ ನನ್ ಹತ್ರ ಬೇರಿಂಗ್ ಬಾಲ್ಸು ಸಿಗ್ತಾವೆ, ಮೊಣಕಾಲಿಗೆ ಸಿಗಲ್ಲ." ಡಾಕ್ಟರು ತಮಾಷೆ ಮಾಡಲಿಲ್ಲ. ಇಷ್ಟು ದೂರ ತುಳಿಯುವುದನ್ನು ಬಿಡದಿದ್ದರೆ ಕಾಲು ಮಡಚುವುದೇ ನಿಂತುಹೋಗುತ್ತದೆ ಎಂದರು. ಅಂದರೆ ಎರಡೇ ದಾರಿ. ಕಾರ್ಖಾನೆಯ ಕಾಲೊನಿಯಲ್ಲಿ ಒಂದು ಮನೆ ಸಿಗಬೇಕು, ಇಲ್ಲವೇ ಕೆಲಸ ಬಿಡಬೇಕು.

ಕಾಲೊನಿಯ ಮನೆಗೆ ನಾವಿಬ್ಬರೂ ಕೇಳಿಕೊಂಡಿದ್ದೆವು. ಸರದಿಯಲ್ಲಿ ನಾನು ಮುಂದೆ, ಅವನು ನನ್ನ ಹಿಂದೆಯೇ. ಡಾಕ್ಟರು ಹೇಳಿದ್ದನ್ನು ತಿಳಿಸಿದಾಗ ಅವನು ನನ್ನ ಹ್ಯಾಂಡಲ್ ಮೇಲೆ ಕೈಯಿಟ್ಟು, "ಇನ್ಮೇಲೆ ನೀನು ಬೆಲ್ಲೇ ಹೊಡೀಬೇಡ ಮಾರಾಯ. ಮನೆ ಸಿಗೋ ತನಕ ಗಾಳಿ ನಂದು. ನನ್ನ ಹಿಂದೆ ಕೂತಂಗೆ ಬಾ" ಎಂದ. ಹಾಗೆಯೇ ನಡೆದುಕೊಂಡ ಕೂಡ. ಅವನ ಬೆನ್ನಿನ ಮರೆಯಲ್ಲಿ ನಾನು ಎಷ್ಟು ಬೆಳಗು ಸಂಜೆಗಳನ್ನು ದಾಟಿದೆನೋ. ಬೆವರಿಗೆ ಅಂಗಿ ಅಂಟಿಕೊಂಡ ಆ ಬೆನ್ನು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನನ್ನ ಹೆಂಡತಿ ಮನೆ ಸಿಕ್ಕೇಬಿಟ್ಟಿತೆಂದು ತಯಾರಿ ನಡೆಸಿದ್ದಳು. ಭದ್ರಾವತಿಗೆ ಬರುವವರಿಗೆಲ್ಲ ಮೊದಲ ಹೆದರಿಕೆ ಅಲ್ಲಿನ ಮಸಿಯದು. ಕುಲುಮೆಯ ಚಿಮಣಿಯಿಂದ ಹಾರಿಬಂದು ಬಿಳೀ ಬಟ್ಟೆಯ ಮೇಲೆ ಕೂರುವ ಮಸಿ. ಅವಳು ಒಂದು ಭಾನುವಾರ ಕಾಲೊನಿಯಲ್ಲಿದ್ದ ತನ್ನ ದೂರದ ಅಕ್ಕನ ಮನೆಗೆ ಹೋಗಿ, ಬಟ್ಟೆ ಒಣಗಿಸುವುದು ಹೇಗೆಂದು ಕಲಿತುಕೊಂಡೇ ಬಂದಳು. ಮಳೆಗಾಲ ಮುಗಿದು ಗಾಳಿ ತಿರುಗಿತೆಂದರೆ, ಮಸಿ ತಮ್ಮ ಕಡೆಗೇ ಬರುತ್ತದೆಂದು ಪಡುವಣ ಸಾಲಿನ ಮನೆಗಳವರು ಅಂಗಳದ ಹಗ್ಗ ಬಿಚ್ಚಿ ಹಿತ್ತಲ ಗೋಡೆಯ ಮರೆಯಲ್ಲಿ ಕಟ್ಟುತ್ತಾರಂತೆ. ಅಂಗಿಗಳನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕುತ್ತಾರಂತೆ.

"ಒಣಗಿದ ಅಂಗಿ ಮೇಲೆ ಬಿದ್ದ ಮಸಿ ಊದಿದ್ರೆ ಹಾರಿಹೋಗುತ್ತಂತೆ ಕಣ್ರೀ. ಒದ್ದೆ ಬಟ್ಟೆ ಮೇಲೆ ಬಿದ್ದಿದ್ದು ಅಲ್ಲೇ ಕಚ್ಕೊಂಡು, ಇಸ್ತ್ರಿ ಹಾಕಿದ ಮೇಲೆ ಗೀರು ಗೀರಾಗಿ ಕೂತ್ಬಿಡುತ್ತಂತೆ. ಹೊಸದಾಗಿ ಬಂದೋರು ಎಲ್ಲಾ ಮೊದಲು ಅದೇ ತಪ್ಪು ಮಾಡೋದಂತೆ. ನಾನು ಮಾಡಲ್ಲ."

ಬರುವಾಗ ಪೇಟೆಯಲ್ಲಿ ಒಂದು ಸುರುಳಿ ಹೊಸ ಹಗ್ಗವನ್ನೂ ಕೊಂಡು ತಂದು ಅಡಿಗೆಮನೆಯ ಮೊಳೆಗೆ ತೂಗುಹಾಕಿದಳು.

ದೀಪಾವಳಿಗೆ ಮುಂಚೆ ಮೊಣಕಾಲು ಬಾತುಕೊಂಡು, ಹಬ್ಬ ಕಳೆಯುವ ತನಕ ನಾನು ರಜೆಯಲ್ಲಿದ್ದೆ. ಮತ್ತೆ ಹೊರಟ ಬೆಳಿಗ್ಗೆ ಸೇತುವೆಯ ತುದಿಯಲ್ಲಿ ಜೊತೆಗಾರನಿರಲಿಲ್ಲ. ನಿಧಾನವಾಗಿ ತುಳಿದುಕೊಂಡು ಹೋದೆ. ಅರ್ಧ ದಾರಿಯಲ್ಲಿ, ನಿದಿಗೆ ಕೆರೆ ಏರಿಯ ಪಕ್ಕದ ಚಾದಂಗಡಿಯ ಮುಂದೆ ನಿಂತಿದ್ದ.

"ಏನೋ, ಇಲ್ಲಿ?"

"ಮನೆಯೋಳು ತವರಿಗೆ ಹೋಗಿದಾಳೆ ಮಾರಾಯ. ಮನೇಲಿ ಒಲೆ ಹಚ್ಚೋರಿಲ್ಲ. ಬೇಗ ಹೊರಟು ಇಲ್ಲಿ ಚಾ ಕುಡಿದು ಕೂತಿರ್ತೀನಿ. ಎದುರುಗಾಳಿ ಜೋರಾಗೋದು ಹೆಂಗೂ ಇಲ್ಲಿಂದಲೇ ಅಲ್ವಾ? ಬಾ, ಹಿಂದೆ ಬಾ."

ನಾನು ನಂಬಿದೆ. ನಂಬದೇ ಇರುವುದಕ್ಕೆ ಏನಿತ್ತು? ಅಲ್ಲಿಂದ ಕಾರ್ಖಾನೆಯ ಗೇಟಿನ ತನಕ ಎಂದಿನ ಹಾಗೆ ಮುಂದೆಯೇ ಇದ್ದ. ಸಂಜೆ ಮಾತ್ರ ಸೈಕಲ್ ಸ್ಟ್ಯಾಂಡಿಗೆ ಬಂದು, "ನಂಗೆ ಓವರ್‌ಟೈಮು ಇದೆ, ನೀನು ಹೋಗು. ಗಾಳಿ ಬೆನ್ನಿಗಿದೆ, ನಿಂಗೇನು ಕಷ್ಟ ಇಲ್ಲ" ಎಂದ. ಮರುದಿನವೂ ಹಾಗೆಯೇ. ಅದರ ಮರುದಿನವೂ. ದಿನಾ ಓವರ್‌ಟೈಮು ಮಾಡಿಯೂ ನನಗಿಂತ ಮೊದಲು ಹೊರಟು ಬಂದು ನಿಲ್ಲುತ್ತಾನಲ್ಲ ಎಂದು ನನ್ನ ಜೀವ ಮರುಗುತ್ತಿತ್ತು. ಒಂದು ದಿನ ಹೆಂಡತಿಗೆ ಹೇಳಿ ಅವನಿಗೆಂದೂ ಒಂದು ಡಬ್ಬಿ ಕಟ್ಟಿಸಿಕೊಂಡು ಹೋದೆ, ಮನೆಯಲ್ಲಿ ಒಲೆ ಹಚ್ಚುವವರಿಲ್ಲವಲ್ಲ ಎಂದು. ಅವನು ತೆಗೆದುಕೊಂಡ. ಖಾಲಿ ಡಬ್ಬಿಯನ್ನು ತೊಳೆದು ವಾಪಸು ಕೊಟ್ಟ.

ಅವನ ಬೆನ್ನು ನೋಡುತ್ತಾ ಹೋಗುವುದೇ ನನ್ನ ಕೆಲಸವಾಗಿದ್ದರಿಂದ, ಕಂಡದ್ದು ಆ ಬೆನ್ನಿನ ಮೇಲೆಯೇ. ಒಂದು ಸೋಮವಾರ ಬೆಳಿಗ್ಗೆ ಅವನು ಹಾಕಿದ್ದು ಹೊಸದಾಗಿ ಒಗೆದು ಇಸ್ತ್ರಿ ಮಾಡಿದ ಬಿಳೀ ಅಂಗಿ. ಭುಜದಿಂದ ಕೆಳಗೆ ಸಣ್ಣ ಸಣ್ಣ ಕಪ್ಪು ಗೀರುಗಳು, ಪೆನ್ಸಿಲಿನಲ್ಲಿ ಎಳೆದ ಹಾಗೆ. ಇನ್ನೂ ನಾವು ಚಿಮಣಿಗಳು ಕಾಣುವಷ್ಟು ಹತ್ತಿರವೂ ಹೋಗಿರಲಿಲ್ಲ. ಏನೋ ಮೆತ್ತಿಕೊಂಡಿದೆ ಎಂದು ಕೈಚಾಚಿ ಒಮ್ಮೆ ಕೊಡವಿದೆ. ಹೋಗಲಿಲ್ಲ.

"ಏನು?" ಎಂದ ತಿರುಗದೆ.

"ಏನಿಲ್ಲ, ಹುಳ" ಎಂದೆ.

ಗೇಟು ಬರುವ ತನಕ ನಾನು ಆ ಗೀರುಗಳನ್ನೇ ನೋಡುತ್ತಿದ್ದೆ. ಹೊಳೆಯಾಚೆಯ ಮನೆಯಲ್ಲಿ ಒಣಗಿದ ಅಂಗಿಯ ಮೇಲೆ ಮಸಿ ಕೂರುವುದಕ್ಕೆ ಶಿವಮೊಗ್ಗದಲ್ಲಿ ಯಾವ ಚಿಮಣಿಯಿದೆ? ಇಷ್ಟಾದರೂ ಮನಸ್ಸು ಅವನ ಪರವಾಗಿಯೇ ವಾದಿಸುತ್ತಿತ್ತು. ಯಾರೋ ನೆಂಟರ ಮನೆಯಲ್ಲಿ ಒಗೆಸಿರಬಹುದು, ಹೇಳಲು ಮರೆತಿರಬಹುದು.

ಮಧ್ಯಾಹ್ನ ಮನೆ ಹಂಚಿಕೆಯ ಕೆಲಸ ನೋಡುವ ಹಿರಿಯ ಗುಮಾಸ್ತರು ಕ್ಯಾಂಟೀನಿನಲ್ಲಿ ಸಿಕ್ಕರು. ನಾನಾಗಿ ಏನೂ ಕೇಳಲಿಲ್ಲ. ಅವರೇ ನನ್ನ ಕುಂಟು ನಡಿಗೆ ನೋಡಿ ಹತ್ತಿರ ಬಂದರು.

"ಇಷ್ಟು ಕಷ್ಟ ಇಟ್ಕೊಂಡು ಯಾಕ್ರೀ ಮನೆ ಬೇಡ ಅಂದ್ರಿ?"

"ನಾನು ಬೇಡ ಅಂದ್ನಾ?"

"ನೀವು ರಜದಲ್ಲಿದ್ರಲ್ಲ, ಒಂದು ಮನೆ ಖಾಲಿ ಆಯ್ತು. ಹೇಳಿಕಳಿಸೋಣ ಅಂತ ನಿಮ್ಮ ಜೊತೆಗಾರರನ್ನ ಕರೆಸಿದೆ. ಅವರೇ ಅಂದ್ರು, ನಾನು ಕೇಳಿಯಾಯ್ತು, ಅವರ ಮನೆಯವರು ಕೋಟೆ ಬಿಟ್ಟು ಬರಲ್ಲ ಅಂತಾರೆ, ಈ ಮಸೀಲಿ ಇರೋಕಾಗಲ್ಲ ಅಂತಾರೆ ಅಂತ. ಸರಿ, ಆಮೇಲೆ ಅವರದೇ ಸರದಿ ಬಂತು. ದೀಪಾವಳಿಗೆ ಹಾಲುಕ್ಕಿಸಿದ್ರಲ್ಲ? ಪಡುವಣ ಸಾಲು, ಒಳ್ಳೇ ಮನೆ." ನನ್ನ ಮುಖ ನೋಡಿ ಅವರು ಮಾತು ನಿಲ್ಲಿಸಿದರು. "ನಿಮಗೆ ಗೊತ್ತಿತ್ತಲ್ವಾ?"

ಗೊತ್ತಿತ್ತು ಎಂದೆ. ಯಾಕೆ ಹಾಗೆಂದೆನೋ. ಮೋಸಹೋದದ್ದನ್ನು ಇನ್ನೊಬ್ಬರ ಎದುರು ಒಪ್ಪಿಕೊಳ್ಳುವುದು ಮೋಸಹೋಗುವುದಕ್ಕಿಂತ ಕಷ್ಟವಾಗಿ ಕಂಡಿರಬೇಕು.

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಕೆಳಗಿಡದೆ ಕೇಳಿದಳು. ಮನೆ ಹೋಯಿತೆಂದು ಅವಳು ಅಳಲಿಲ್ಲ. ಅವಳ ಪ್ರಶ್ನೆ ಒಂದೇ.

"ನಾನು ಬೇಡ ಅಂದೆ ಅಂತ ಹೇಳಿದ್ರಾ? ಮಸಿಗೆ ಹೆದರಿ?"

"ಹಾಗಂತೆ."

"ನಾನು ಹಗ್ಗ ತಂದಿದ್ದು ಅವರು ನೋಡಿದ್ರು. ಅವತ್ತು ಊಟಕ್ಕೆ ಬಂದಾಗ ಅವರ ಕೈಗೇ ಕೊಟ್ಟು, ಗಟ್ಟಿ ಇದೆಯಾ ನೋಡಿ ಅಂತ ಕೇಳಿದ್ದೆ. ಎಳೆದು ನೋಡಿ ಚೆನ್ನಾಗಿದೆ ಅಂದಿದ್ರು."

ಅಕ್ಕಿಯಲ್ಲಿನ ಒಂದು ಕಲ್ಲು ತೆಗೆದು ಹೊರಗೆಸೆದಳು. ಮೊರವನ್ನು ಮತ್ತೊಮ್ಮೆ ಕೇರುತ್ತಾ, "ಅವರ ಹೆಂಡತಿಗೂ ಯಾರಾದ್ರೂ ಹೇಳಿಕೊಡಬಾರದಿತ್ತಾ, ಬಟ್ಟೆ ಎಲ್ಲಿ ಹಾಕ್ಬೇಕು ಅಂತ" ಎಂದಳು. ಆ ಹಗ್ಗವನ್ನು ಮಾರನೆಯ ದಿನ ಬಾವಿಯ ಕೊಡಕ್ಕೆ ಕಟ್ಟಿಬಿಟ್ಟಳು. ಕಾಲೊನಿಯ ಮನೆ ನಮಗೂ ಸಿಕ್ಕಿತು. ಅದಕ್ಕೆ ಇನ್ನೂ ಎರಡು ಮಳೆಗಾಲ ಕಳೆಯಬೇಕಾಯಿತು. ಅಷ್ಟರಲ್ಲಿ ನನ್ನ ಬಲಗಾಲು ಡಾಕ್ಟರು ಹೇಳಿದ ಹಾಗೆಯೇ ಆಗಿತ್ತು. ಈಗಲೂ ಊಟಕ್ಕೆ ಕೂರುವಾಗ ಅದನ್ನು ನೀಡಿಕೊಂಡೇ ಕೂರುತ್ತೇನೆ.

ಆದರೆ ನಾನು ಹೇಳಬೇಕೆಂದದ್ದು ಮಾರನೆಯ ಬೆಳಗಿನ ವಿಷಯ. ಬೇರೆ ದಾರಿಯಿಲ್ಲ, ಎಂದಿನ ಹಾಗೆ ಸೇತುವೆ ದಾಟಿ ಹೊರಟೆ. ಅವನೂ ಎಂದಿನ ಹಾಗೆ ಕೆರೆ ಏರಿಯ ಪಕ್ಕ ನಿಂತಿದ್ದ. ಕಾಲೊನಿಯಿಂದ ಹೊರಟು, ಕಾರ್ಖಾನೆಗೆ ಬೆನ್ನು ಹಾಕಿ ಅರ್ಧ ದಾರಿ ತುಳಿದು ಬಂದು, ನನ್ನನ್ನು ಕರೆದುಕೊಂಡು ಮತ್ತೆ ಅದೇ ದಾರಿಯಲ್ಲಿ ಎದುರುಗಾಳಿಗೆ ತುಳಿಯುವುದು. ದಿನಾ ಅವನು ಮಾಡುತ್ತಿದ್ದದ್ದು ಅದನ್ನು. ಅದು ನನ್ನ ಮೇಲಿನ ಪ್ರೀತಿಯೋ, ಸುಳ್ಳನ್ನು ನಿಲ್ಲಿಸಿಕೊಳ್ಳುವ ಉಪಾಯವೋ, ಇಷ್ಟು ವರ್ಷ ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಬರೀ ಕೆಟ್ಟವನಾಗಿದ್ದರೆ ಮರೆತುಬಿಡಬಹುದಿತ್ತು.

ನಾನು ಸೈಕಲ್ಲಿನಿಂದ ಇಳಿಯಲಿಲ್ಲ. ಒಂದು ಕಾಲೂರಿ ನಿಂತು, "ಗಾಳಿ ತಿರುಗಿದೆಯಲ್ಲ. ಈ ದಿನಗಳಲ್ಲಿ ಪಡುವಣ ಸಾಲಿನೋರು ಬಟ್ಟೆ ಹಿತ್ತಲಲ್ಲಿ ಹಾಕ್ಬೇಕಂತೆ. ಮನೇಲಿ ಹೇಳು" ಎಂದೆ.

ಚಾದ ಲೋಟವನ್ನು ಅವನು ಕೆಳಗಿಟ್ಟ.

"ಹೇಳ್ಬೇಕು ಅಂತಲೇ ಇದ್ದೆ. ದಿನಾ ಅಂದ್ಕೊಂಡೇ ಬರ್ತಿದ್ದೆ, ಇವತ್ತು ಹೇಳ್ತೀನಿ ಅಂತ."

"ಅವಳ ಮೇಲೆ ಯಾಕೆ ಹಾಕಿದೆ?"

"ಯಾರ ಮೇಲಾದ್ರೂ ಹಾಕ್ಬೇಕಿತ್ತು. ನೀನು ಬೇಡ ಅಂದೆ ಅಂದಿದ್ರೆ ಅವರು ನಂಬ್ತಿರ್ಲಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ನಂಗೂ ಸಾಕಾಗಿತ್ತು ಮಾರಾಯ, ಈ ದಾರಿ" ಎಂದ.

ಅವನು ಸುಳ್ಳು ಹೇಳದೆ ಆಡಿದ ಮಾತು ಬಹುಶಃ ಅದೊಂದೇ. ನಾನು ಪೆಡಲ್ ತುಳಿದೆ. ಕೆರೆ ಏರಿ ದಾಟಿದ ಕೂಡಲೇ ಮೂಡಣ ಗಾಳಿ ಮುಖಕ್ಕೆ ಬಡಿಯಿತು. ಅವನ ಬೆನ್ನಿನ ಹಿಂದೆ ಇದ್ದು ಇದ್ದು ಅದು ಎಷ್ಟು ಜೋರಾಗಿರುತ್ತದೆಂಬುದೇ ನನಗೆ ಮರೆತುಹೋಗಿತ್ತು. ಕಣ್ಣಲ್ಲಿ ನೀರು ಬಂತು, ಗಾಳಿಗೇ ಇರಬೇಕು. ಮೊಣಕಾಲು ಪ್ರತಿ ಸುತ್ತಿಗೂ ಕಟ್ ಎನ್ನುತ್ತಿತ್ತು. ಹಿಂದೆ ಅವನ ಚೈನಿನ ಸದ್ದು ಹತ್ತಿರವಾಯಿತು. ನನ್ನ ಉಸಿರು ಅವನಿಗೆ ಕೇಳಿಸುತ್ತಿತ್ತು, ಕೇಳಿಸದೆ ಎಲ್ಲಿ ಹೋಗುತ್ತದೆ.

ಅವನು ಬೆಲ್ಲು ಹೊಡೆದ. ಸ್ವಲ್ಪ ದೂರ ಹೋದ ಮೇಲೆ ಮತ್ತೊಮ್ಮೆ ಹೊಡೆದ. ಚಿಮಣಿಗಳ ಹೊಗೆ ಕಾಣಿಸತೊಡಗಿತು, ಬೇರೆ ಕಡೆಗಳಿಂದ ಬಂದ ಸೈಕಲ್ಲುಗಳು ನಮ್ಮ ಜೊತೆ ಸೇರಿಕೊಂಡವು, ಆ ಗದ್ದಲದಲ್ಲೂ ನನಗೆ ಅವನ ಬೆಲ್ಲೇ ಬೇರೆಯಾಗಿ ಕೇಳಿಸುತ್ತಿತ್ತು. ಗೇಟು ಮುಟ್ಟುವ ತನಕ ಅವನು ಹೊಡೆಯುತ್ತಲೇ ಇದ್ದ. ನಾನು ಎಡಕ್ಕೆ ಸರಿಯಲಿಲ್ಲ.