ಬುತ್ತಿ ಕಟ್ಟುವ ಹಾಡು

ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಹಾರ್ಮೋನಿಯಂ ಮೇಷ್ಟ್ರೊಬ್ಬರಿದ್ದರು. ಯಾರು ಏನು ಕೇಳಿದರೂ ಕಿವಿಯ ಮೇಲಿನ ಪೆನ್ಸಿಲ್ ಮುಟ್ಟಿಕೊಂಡು, "ತಡೀರಿ, ಕತೆ ಏನನ್ನುತ್ತೋ ಅದನ್ನೇ ಕೇಳೋಣ" ಎನ್ನುತ್ತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಯೊಬ್ಬಳ ಹಳೆಯ ಸಣ್ಣಕತೆಯನ್ನು ಮಾತಿಲ್ಲದ, ಬರೀ ಹಾಡಿನ ನಾಟಕ ಮಾಡುವ ಹುಚ್ಚು ಅವರಿಗೆ. ಎಲ್ಲ ಹಾಡೂ ಆಯಿತು. ಗಾಡಿ ಹೊರಡುವಾಗಿನ ತಾಯಿಯ ಹಾಡು ಮಾತ್ರ ಕೂಡಿಬರಲಿಲ್ಲ. ಕತೆಯಲ್ಲಿ ಅಲ್ಲಿ ಅವಳು ಬಾಯೇ ಬಿಡುವುದಿಲ್ಲ.

ತಾಯಿಯ ಪಾತ್ರ ಎಲೆಅಡಿಕೆ ಅಂಗಡಿಯವನದು. "ಅಲ್ಲಿ ಪದ ಇಲ್ದಿದ್ರೆ ಜನ ಎದ್ದೋಯ್ತಾರೆ ಸಾ. ನಾನೇನು ಕಂಬ್ವಾ?" ಎಂದು ಅವನ ಮುನಿಸು.

ಒಂದು ಸಂಜೆ ಹಾಲಿಗೆ ಹೆಪ್ಪು ಕೇಳಲು ಬಂದ ಮೇಷ್ಟ್ರು ನಮ್ಮತ್ತೆಯನ್ನು ಕೇಳಿದರು, "ಮಗಳನ್ನ ಅರಕಲಗೂಡಿಗೆ ಕಳಿಸ್ದಾಗ ನೀವೇನಂದ್ರಿ?"

"ಏನನ್ಲಪ್ಪ? ಬುತ್ತಿ ಕಟ್ದೆ. ಗಂಟು ಸರಿ ಬರ್ಲಿಲ್ಲ ಅಂತ ಬಿಚ್ದೆ. ಮತ್ತೆ ಕಟ್ದೆ. ಗಾಡಿಯವ್ನು ಬೈದ."

ಮೇಷ್ಟ್ರು ಹೆಪ್ಪು ಮರೆತು ಹೊರಟುಹೋದರು.

ಯುದ್ಧದ ಕಾಲ, ಸೀಮೆಎಣ್ಣೆ ಸಿಗದೆ ನಾಟಕವನ್ನು ಹಗಲಲ್ಲೇ ಆಡಿದರು. ಗಾಡಿ ಹೊರಡುವ ಹೊತ್ತಿಗೆ ಮೇಷ್ಟ್ರು ಬರೀ ಶ್ರುತಿ ಹಿಡಿದು ಕೂತರು. ಸೀರೆಯುಟ್ಟ ಅಂಗಡಿಯವನು ಬುತ್ತಿ ಕಟ್ಟಿದ, ಬಿಚ್ಚಿದ.

"ಪದ ಏಳಮ್ಮೋ," ಎಂದು ಹಿಂದಿನಿಂದ ಯಾರೋ ಕೂಗಿದರು. ಅಂಗಡಿಯವನು ಮೇಷ್ಟ್ರ ಕಡೆ ನೋಡಿದ. ಅವರ ಬೆರಳು ಅಲುಗಲಿಲ್ಲ. ಅವನು ಮತ್ತೆ ಕಟ್ಟತೊಡಗಿದ. ಆಮೇಲೆ ಯಾರೂ ಕೂಗಲಿಲ್ಲ.

ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮತ್ತೆ ಸೆರಗಿನ ತುದಿಯನ್ನು ಗಂಟು ಹಾಕಿ ಬಿಚ್ಚುತ್ತಿದ್ದರು.

"ಬಿಗಿಯಾಗಿ ಕಟ್ಟಪ್ಪ," ಎಂದರು ಮೆಲ್ಲಗೆ, ಅವನಿಗೆ ಕೇಳಿಸುವಂತೇನಲ್ಲ. "ದೂರದ ದಾರಿ."